ಹಾಳೆಯಲ್ಲಿ ಕಾಣದ ಐವತ್ತೆಂಟು ಕೆಲಸ

"ಏ... ಏ! ಅಲ್ಲೇ ನಿಂದರ್ರಿ! ಚಪ್ಪಲಿ ಬಿಚ್ಚಿ ಬರ್ರಿ!"

ಮುಮ್ತಾಜಬಿಯ ದನಿಗೆ ಅವನು ಬಾಗಿಲಲ್ಲೇ ನಿಂತುಬಿಟ್ಟ. ಮೊಣಕಾಲಿನವರೆಗೆ ಕಪ್ಪು ಎರೆಮಣ್ಣು. ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ. ಕಣ್ಣಲ್ಲಿ ಸಿಟ್ಟು.

"ಚಪ್ಪಲಿ ಬಿಚ್ಚತೇನ್ರಿ. ಮೊದಲ ಇದನ್ನ ಹೇಳ್ರಿ. ನಾ ಮಾಡಿದ ಕೆಲಸ ಎಲ್ಲಿ ಹೋದುವು?"

"ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ."

"ಹೊಲಾನೂ ಸುಳ್ಳು ಹೇಳೂದಿಲ್ರಿ!"

ಅದು ತೊಂಬತ್ತೇಳನೆಯ ಇಸವಿ. ರಾಣೆಬೆನ್ನೂರಿನ ಆ ಬೀಜದ ಕಂಪನಿಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಆಗ ಕಂಪ್ಯೂಟರ್ ಇರುವ ಕೋಣೆ ಎಂದರೆ ಗುಡಿ ಇದ್ದಂತೆ, ಮಸೀದಿ ಇದ್ದಂತೆ. ಯಜಮಾನರೂ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡಬೇಕು.

ಯಾವ ಊರಿನ ಯಾವ ಹೊಲದಲ್ಲಿ ಯಾವ ದಿನ ಏನು ಕೆಲಸ, ಅದು ಯಾರ ಜವಾಬ್ದಾರಿ ಎಂಬುದೆಲ್ಲ ಆ ಪೆಟ್ಟಿಗೆಯೊಳಗೆ ಸಾಲು ಸಾಲಾಗಿ ಇರುತ್ತಿತ್ತು. ಅದನ್ನು ನೋಡಿಕೊಳ್ಳುವವಳು ಮುಮ್ತಾಜ. ಗೋಣಿಚೀಲದ ಅಂಗಡಿಯ ಮಲ್ಲಿಕಸಾಬರ ಮಗಳು. ಹೆಣ್ಣುಮಗಳನ್ನು ಆಫೀಸಿಗೆ ಕಳಿಸಲು ಅಪ್ಪನನ್ನು ಒಪ್ಪಿಸುವುದರಲ್ಲಿ ಒಂದು ವರ್ಷವೇ ಕಳೆದಿತ್ತು. 'ಒಂದ ತಪ್ಪು ಮಾತು ಕಿವಿಗೆ ಬಿತ್ತಂದ್ರ ಮರುದಿನ ಮನ್ಯಾಗ' ಎಂಬ ಕರಾರಿನ ಮೇಲೆ.

ಅವನು ಫಕ್ರುದ್ದೀನ. ಬ್ಯಾಡಗಿ ಕಡೆಯ ಹಳ್ಳಿಗಳ ಸೂಪರ್‌ವೈಸರ್.

ಅವಳು ಹಾಳೆ ಬಿಡಿಸಿ ನೋಡಿ ನಕ್ಕುಬಿಟ್ಟಳು.

"ಇದು ಬಾಕಿ ಇದ್ದ ಕೆಲಸದ ಪಟ್ಟಿ ಅಷ್ಟ ರೀ. ಇದಕ್ಕ ಫಿಲ್ಟರ್ ಅಂತಾರ. ನಿಮ್ಮ ಬೀಜದ ಜರಡಿ ಇದ್ದಂಗ. ಬಾಕಿ ಇದ್ದುವು ಮ್ಯಾಲ ನಿಂತಾವು. ಮುಗದುವು ಕೆಳಗ ಅದಾವು, ಚೆಲ್ಲಿ ಹೋಗಿಲ್ಲ. ಒಬ್ಬೊಬ್ಬರ ಕೆಲಸಕ್ಕ ಒಂದರಿಂದ ಸಾಲಾಗಿ ನಂಬರ್ ಇರತಾವು. ಎಡಕ್ಕ ನಂಬರ್ ನೋಡ್ರಿ... ಎರಡು ಆದಮ್ಯಾಲ ಏಳು! ನಂಬರ್ ಜಿಗೀತು ಅಂದ್ರ ನಡಕ ಏನೋ ಅಡಗೇತಿ ಅಂತ ತಿಳೀರಿ."

ಫಕ್ರುದ್ದೀನನ ಸಿಟ್ಟು ಅಲ್ಲೇ ಇಳಿಯಿತು. ಬಾಗಿಲಾಚೆ ಹೋಗಿ ಚಪ್ಪಲಿ ಬಿಚ್ಚಿಟ್ಟು ಮತ್ತೆ ಬಂದ.

"ಇನ್ನೊಮ್ಮೆ ಹೇಳ್ರಿ... ತಿಳೀಲಿಲ್ಲ."

ತಿಳಿದಿತ್ತು. ಅವನಿಗೆ ತಿಳಿದಿತ್ತೆಂದು ಅವಳಿಗೂ ತಿಳಿಯಿತು!

ಅಂದಿನಿಂದ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಆ ಬಾಗಿಲಿನ ಹೊರಗೆ ಒಂದು ಜೊತೆ ಮಣ್ಣುಮೆತ್ತಿದ ಚಪ್ಪಲಿ. ಅವನು ಹೇಳುವನು, ಅವಳು ಕೀಲಿ ಒತ್ತುವಳು.

"ಕದರಮಂಡಲಗಿ ಸೋಮವ್ವನ ಹೊಲ, ಕ್ರಾಸಿಂಗ್ ತಡ ಆತ್ರಿ. ಗಂಡುಸಾಲು ಇನ್ನೂ ಹೂ ಬಿಟ್ಟಿಲ್ಲ. ಅವಸರ ಮಾಡಿದ್ರ ಬೀಜ ಕಟ್ಟೂದಿಲ್ಲ. ನಾನ ನಿಲ್ಲಿಸೇನಿ."

ಹತ್ತಿಯ ಗಂಡುಸಾಲಿನ ಹೂವಿನ ಪುಡಿಯನ್ನು ಹೆಣ್ಣುಸಾಲಿನ ಹೂವಿಗೆ ಕೈಯಿಂದ ಸವರುವುದೇ ಕ್ರಾಸಿಂಗ್. ಹೂವು ಒಪ್ಪದ ಹೊರತು ಯಾರ ಅವಸರವೂ ಅಲ್ಲಿ ನಡೆಯುವುದಿಲ್ಲ.

ಕಸ ಹೊಡೆದು ಚಹಾ ಕೊಡುವ ನೀಲಗಂಗವ್ವ ಸುಮ್ಮನಿರುವ ಹೆಂಗಸಲ್ಲ.

"ಏ ತಮ್ಮಾ, ಬ್ಯಾರೆ ಸೂಪರ್‌ವೈಸರ್ ಐದು ಮಿನಿಟಿನ್ಯಾಗ ಬರಸಿ ಹೋಗತಾರ. ನಿನ್ನ ಹೊಲಕ್ಕ ಏನು ಕೊನೀನ ಇಲ್ಲೇನೋ?"

ಮುಮ್ತಾಜ ತಲೆ ಬಗ್ಗಿಸಿ, ಸುಮ್ಮಸುಮ್ಮನೆ ಕೀಲಿಗಳ ಮೇಲಿನ ಧೂಳು ಒರೆಸುವಳು.

ದೀಪಾವಳಿ ಹತ್ತಿರ ಬಂದಾಗ ಯಜಮಾನ ವಿರೂಪಾಕ್ಷಪ್ಪನವರು ಕೋಣೆಗೆ ಬಂದರು. "ತಡ ಆದ ಕೆಲಸ ಅಷ್ಟ ತೋರಸವಾ" ಎಂದರು. ಅವಳು ತೋರಿಸಿದಳು. ನೋಡಿ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಕೋಣೆಯಿಂದಲೇ ಕೂಗಿದರು. "ಹಾವೇರಿ ಸೆಂಟರಿಗೆ ಒಬ್ಬ ಮುಖ್ಯಸ್ಥ ಬೇಕು. ಫಕ್ರುದ್ದೀನನ ಪೂರ್ತಿ ಪಟ್ಟಿ ಕೊಟ್ಟು ಕಳಸು!"

ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. 'ಅವರಿಗೇ ಸಿಗಲಿ... ಯಾ ಅಲ್ಲಾ, ಅವರಿಗೇ ಸಿಗಲಿ!'

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎನ್ನತೊಡಗಿತು. ಕಂಪ್ಯೂಟರ್ ಆರುವ ಮೊದಲೇ ಮುಗಿಸುವ ಅವಸರದಲ್ಲಿ ಅವನ ಹೆಸರು ಆರಿಸಿ, ಪ್ರಿಂಟ್ ಹೊಡೆದು, ಹಾಳೆಯ ಮೇಲೆ ಕಣ್ಣೂ ಹಾಯಿಸದೆ ನೀಲಗಂಗವ್ವನ ಕೈಗೆ ಕೊಟ್ಟಳು.

ಶನಿವಾರ ಬಂತು. ನಾಲ್ಕಾಯಿತು, ಐದಾಯಿತು. ಐದೂವರೆಗೆ ಬಾಗಿಲಲ್ಲಿ ನೆರಳು ಬಿತ್ತು.

ಫಕ್ರುದ್ದೀನ. ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು. ಹೊಸ್ತಿಲು ದಾಟಲಿಲ್ಲ.

"ಬರ್ರಿ... ಯಾಕ ಅಲ್ಲೇ ನಿಂತೀರಿ?"

"ನೀವ ಹಿಂಗ ಮಾಡ್ತೀರಿ ಅಂತ ತಿಳದಿದ್ದಿಲ್ರಿ, ಮುಮ್ತಾಜ."

ಅಷ್ಟೇ. ತಿರುಗಿ ಹೋದ.

ಅವಳು ಬಾಗಿಲವರೆಗೆ ಓಡಿದಳು. 'ನಾ ಏನ್ ಮಾಡಿದೆ...?'

ನೀಲಗಂಗವ್ವ ಚಹಾದ ಕಪ್ಪು ಕೆಳಗಿಟ್ಟಳು. "ಗೊತ್ತಿಲ್ಲೇನವಾ? ಅವನ್ನ ಸೋಮವಾರದಿಂದ ಬರಬ್ಯಾಡ ಅಂದ್ರು ಸಾವಕಾರ್ರು. 'ಹಂಗಾಮು ಪೂರ್ತಿ ಒಂಬತ್ತ ಕೆಲಸ ಹಿಡದಾನ, ಒಂಬತ್ತೂ ತಡ ಮಾಡ್ಯಾನ, ಕಂಪ್ಯೂಟರಿನಾಕಿನ ಕೊಟ್ಟಾಳ' ಅಂತ ಹಾಳಿ ತೋರಿಸಿದ್ರು."

ಒಂಬತ್ತೇ?

ಮುಮ್ತಾಜ ಅಂದು ಕಳಿಸಿದ್ದ ಪಟ್ಟಿಯನ್ನು ಪರದೆಯ ಮೇಲೆ ತೆರೆದಳು. ಎಡಗಡೆಯ ನಂಬರು ನೋಡಿದಳು. ನಾಲ್ಕು... ಹನ್ನೊಂದು... ಹತ್ತೊಂಬತ್ತು...

ಜರಡಿ ತೆಗೆದೇ ಇರಲಿಲ್ಲ! ತಡವಾದವಷ್ಟೇ ಎಂಬ ಫಿಲ್ಟರು ಇನ್ನೂ ಹಾಗೇ ಇತ್ತು. ಅದರ ಮೇಲೆಯೇ ಅವನ ಹೆಸರು ಹಾಕಿದ್ದಳು. ಫಿಲ್ಟರು ತೆಗೆದಳು. ಮರುಕ್ಷಣವೇ ಪರದೆಯ ತುಂಬ ಸಾಲುಗಳು ಬಿಚ್ಚಿಕೊಂಡವು. ಅರವತ್ತೇಳು ಕೆಲಸ. ಮುಗಿದದ್ದು ಐವತ್ತೆಂಟು!

ವಿರೂಪಾಕ್ಷಪ್ಪನವರು ಹಳೇ ಕಾಲದ ವ್ಯಾಪಾರಸ್ಥರು. ಹಾಳೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬ ಲೆಕ್ಕ ಅವರದು.

ತಪ್ಪು ಅವಳದೇ. ಹೇಳಿದರೆ ಕೆಲಸ ಹೋದೀತು. ಅಪ್ಪನ ಕರಾರು ಕಣ್ಣೆದುರು ನಿಂತಿತು. ಹೇಳದಿದ್ದರೆ...? ಹೊಸ್ತಿಲ ಆಚೆ ನಿಂತ ಆ ಮುಖ ಜೀವಮಾನವಿಡೀ ಹಾಗೇ ನಿಂತೀತು.

ಪ್ರಿಂಟರು ಕರ್ರ್ ಕರ್ರ್ ಎಂದು ಉದ್ದನೆಯ ಹಾಳೆ ಉಗುಳಿತು. ಅದನ್ನು ಹರಿಯದೆ ಹಾಗೇ ಎತ್ತಿಕೊಂಡು ಯಜಮಾನರ ಕೋಣೆಗೆ ಹೋದಳು.

"ಸಾವಕಾರ್ರ, ನೀವು ಇಟ್ಕೊಂಡ ಹಾಳಿ ತಗೀರಿ. ಎಡಕ್ಕ ನಂಬರ್ ನೋಡ್ರಿ. ನಾಲ್ಕು ಆದಮ್ಯಾಲ ಹನ್ನೊಂದು ಬರತೈತೇನ್ರಿ?"

ಅವರು ಚಷ್ಮಾ ಏರಿಸಿದರು.

"ನಡಕಿನ ಆರು ಎಲ್ಲಿ ಹೋದುವು?"

"ತಡ ಆದುವಷ್ಟ ತೋರಸೂ ಜರಡಿ ತಗೀದ ನಾ ಮುಚ್ಚಿದ್ದೆ ರೀ. ಮರತು. ತಪ್ಪು ನಂದು, ಅವರದಲ್ಲ." ಅವರ ಕೈಯಲ್ಲಿನ ಹಾಳೆಯ ಸಾಲುಗಳ ಮೇಲೆ ಬೆರಳಿಟ್ಟಳು. "ತಡ ಆದ ಆ ಒಂಬತ್ತೂ ಗಂಡುಸಾಲು ಹೂ ಬಿಡದ ಹೊಲ. ಬೀಜ ಕೆಡಬಾರ್ದಂತ ಅವರ ನಿಲ್ಲಿಸ್ಯಾರ. ನನ್ನ ಬ್ಯಾಡ ಅನ್ರಿ, ಹೋಗತೇನಿ. ಅವರನ್ನ ಮಾತ್ರ..."

ಉದ್ದನೆಯ ಹಾಳೆಯನ್ನು ಅವರ ಮುಂದೆ ಬಿಡಿಸಿಟ್ಟಳು. ಕಣ್ಣು ತುಂಬಿತು.

ವಿರೂಪಾಕ್ಷಪ್ಪನವರು ಆ ಉದ್ದನೆಯ ಹಾಳೆಯ ಮೇಲೆ ಬೆರಳು ಇಳಿಸುತ್ತಾ ಹೋದರು. ನಿಧಾನಕ್ಕೆ, ಒಂದೂ ಸಾಲು ಬಿಡದೆ. ಕೊನೆಗೆ ದೊಡ್ಡ ಉಸಿರು ಬಿಟ್ಟರು.

"ಅಬ್ಬಾ! ಕೈಯಾಗಿನ ಬಂಗಾರ ಕಸದಾಗ ಒಗೀತಿದ್ದೆನಲ್ಲವಾ! ತಪ್ಪು ಮಾಡಿದಾಕಿ ನೀನ, ಬಂದು ಹೇಳಿದಾಕಿನೂ ನೀನ. ಇನ್ನ ಮ್ಯಾಲ ಹಾಳಿ ಕೊಡೂಮುಂದ ಯಾವ ಜರಡಿ ಹಾಕೀದಿ ಅಂತ ತಲಿ ಮ್ಯಾಲ ಬರದು ಕೊಡು. ಹೋಗು, ಕೆಲಸ ನೋಡು." ಆಮೇಲೆ ಹೊರಗೆ ಕೂಗಿದರು, "ನೀಲಗಂಗವ್ವಾ, ಆ ಹುಡುಗ ಬಸ್‌ಸ್ಟ್ಯಾಂಡಿನ್ಯಾಗ ಇರತಾನ. ಲಗೂನ ಓಡು!"

ಮುಮ್ತಾಜ ಕೋಣೆಗೆ ಬಂದು ಕುಳಿತಳು. ಎದೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿದಂತಿತ್ತು.

ಎಷ್ಟು ಹೊತ್ತಾಯಿತೋ. ಹೊರಗೆ ಟಪ್ ಎಂದು ಒಂದು ಸದ್ದು. ಮತ್ತೊಂದು ಟಪ್.

ಚಪ್ಪಲಿ ಬಿಚ್ಚಿದ ಸದ್ದು!

ಅವಳು ತಿರುಗಿ ನೋಡಲಿಲ್ಲ. ಅಳು, ನಗು ಎರಡೂ ಒಟ್ಟಿಗೇ ಬಂದವು.

"ನೀಲಗಂಗವ್ವ ಎಲ್ಲಾ ಹೇಳಿದಳು," ಎಂದ ಫಕ್ರುದ್ದೀನ. "ನಂಬರ್ ನೋಡ್ರಿ ಅಂತ ನೀವ ಕಲಿಸಿದ್ರಿ. ಸಾವಕಾರ್ರು ಹಾಳಿ ಕಣ್ಣಮುಂದ ಹಿಡದಿದ್ರು, ನಾನ ನಂಬರ್ ನೋಡಲಿಲ್ಲ. ಸಿಟ್ಟಿಗೆ ಕಣ್ಣಿಲ್ಲ ನೋಡ್ರಿ... ಮಾಫ್ ಮಾಡ್ರಿ."

"ನಿಮ್ಮ ಐವತ್ತೆಂಟು ಕೆಲಸ ನುಂಗಿದಾಕಿ ನಾನು. ನೀವ ಮಾಫ್ ಮಾಡಬೇಕು."

ಅವನು ಪರದೆಯ ಕಡೆ ಬೆರಳು ತೋರಿಸಿದ.

"ಪಟ್ಟಿಗೆ ಇನ್ನೊಂದು ಕೆಲಸ ಸೇರಸ್ತೀರೇನ್ರಿ?"

"ಯಾವ ಹೊಲದ್ದು?"

"ಹೊಲದ್ದಲ್ಲ. ಬರೂ ಶುಕ್ರವಾರ ನಮಾಜ ಆದಮ್ಯಾಲ ನಮ್ಮ ಅಮ್ಮೀನ ಕರಕೊಂಡು ಮಲ್ಲಿಕಸಾಬರ ಮನಿಗೆ ಹೋಗೂದು."

ಅವಳ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

"ಜವಾಬ್ದಾರಿ... ಯಾರ ಹೆಸರಿಲೆ?"

"ಬರೂದು ನನ್ನ ಹೆಸರಿಲೆ. ಹೂಂ ಅನ್ನೂದು ನಿಮ್ಮ ಹೆಸರಿಲೆ."

ಅವಳು ಮೆಲ್ಲಗೆ ಸೆರಗು ಸರಿಮಾಡಿಕೊಂಡಳು.

"ನಿಮ್ಮದು ಬರಕೋತೇನಿ. ನಂದು ಬರಿಯೂದು ಬ್ಯಾಡ್ರಿ..."

"ಯಾಕ?" ಅವನ ಮುಖ ಬಾಡಿತು.

"ಅದು ಯಾವತ್ತೋ ಮುಗದೈತಿ."

"ಮತ್ತ ನನಗ ಕಾಣಲಿಲ್ಲಲ್ರಿ, ಮುಮ್ತಾಜ?"

"ಈಗ ಎಲ್ಲಾ ಜರಡಿ ತಗದೇನಿ," ಎಂದು ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. "ನೋಡ್ಕೋರಿ."