ಎಂಬತ್ತೈದು ಸುತ್ತಿಗೆಗಳು

"ಮುನಿಶಾಮಣ್ಣಾ, ಇವತ್ತು ಬಾಡಿಗೆಗೆ ಬಂದಿಲ್ಲ. ನನ್ನ ಮಗನ್ನ ಉಳಿಸಿಕೊಡಿ," ಎಂದು ಜಟಕಾದ ಗೌಸ್ ಮೊಹಿದ್ದೀನ್ ಜಗಲಿಯ ಕಂಬ ಹಿಡಿದು ನಿಂತ.

ಮುನಿಶಾಮಿ ಪೊಲೀಸ್ ದಫೇದಾರಿಕೆ ಮುಗಿಸಿ ಶ್ರೀನಿವಾಸಪುರದಲ್ಲೇ ನೆಲೆಸಿದವನು. ಎಲ್ಲಿ ಕಳವಾದರೂ ಗೌಸನ ಜಟಕಾದಲ್ಲೇ ಹೋಗಿ ಪತ್ತೆ ಮಾಡುತ್ತಿದ್ದ. ಹತ್ತು ವರ್ಷ ಅವನ ಜೊತೆ ಸುತ್ತಿದ್ದ ಗೌಸ್ ಅವನನ್ನು ಹತ್ತಿಸಿಕೊಂಡು ಕುದುರೆಯನ್ನು ಓಡಿಸಿದ.

ದಾರಿಯಲ್ಲಿ ಎಲ್ಲ ಹೇಳಿದ. ಮಾವಿನ ಮಂಡಿ ಆವಲಪ್ಪನ ಮನೆಯ ಪಿಯಾನೋ, ಅವನ ತಂದೆ ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಿಂದ ತನ್ನ ಮಗಳು, ಆವಲಪ್ಪನ ತಂಗಿ ಶಾಮಲಮ್ಮನಿಗೆಂದು ತಂದದ್ದು. ಗಂಡ ಸತ್ತು ತವರಿಗೆ ಬಂದ ಮೇಲೆ ಹದಿನಾಲ್ಕು ವರ್ಷ ಅವಳು ಮಾತಾಡಿದ್ದೆಲ್ಲ ಅದರೊಂದಿಗೇ. ಅದರ ಶ್ರುತಿ ಸರಿಮಾಡುತ್ತಿದ್ದವನು ಗೌಸನ ಮಗ ಏಜಾಜ್. ಈಗ ಮಾವು ಹಣ್ಣಿಗೆ ಹಾಕಲು ಕೋಣೆ ಬೇಕೆಂದು ಆವಲಪ್ಪ ಪಿಯಾನೋವನ್ನು ಬೆಂಗಳೂರಿನ ಹೋಟೆಲಿನವರಿಗೆ ಮಾರಿದ್ದ. ಸಂಜೆಗೆ ಲಾರಿ. ಇವತ್ತು ಬೆಳಿಗ್ಗೆ ಏಜಾಜನ ಕೈಲಿ ತೆರೆಸಿದರೆ, ತಂತಿಗೆ ಬಡಿಯುವ ಎಂಬತ್ತೈದು ಪುಟ್ಟ ಸುತ್ತಿಗೆಗಳೂ ಮಾಯ!

"ಮಾರಬೇಡಿ ಅಂತ ನಿನ್ನೆ ನನ್ನ ಮಗ ಅವರ ಕಾಲಿಗೆ ಬಿದ್ದಿದ್ದ. ಅದಕ್ಕೇ ಕಂಬಕ್ಕೆ ಕಟ್ಟವ್ರೆ. ಕೇಳಿದ್ರೆ ಬಾಯೇ ಬಿಡಲ್ಲ."

ಆವಲಪ್ಪ ಬಾಗಿಲಲ್ಲೇ ಗದರಿದ. "ಏಂ ದಫೇದಾರ್ರೇ, ಕಳ್ಳನ ಅಪ್ಪನ ಬಂಡೀಲೇ ಬಂದ್ರಾ? ಲಾರಿ ಬರೋದ್ರೊಳಗೆ ಸಿಗದಿದ್ರೆ ಇವನು ಜೈಲಿಗೇ!"

ಮುನಿಶಾಮಿ ಪಿಯಾನೋದ ಒಳಗೆ ಬಗ್ಗಿ ನೋಡಿದ. ತಿರುಪುಗಳ ತಲೆ ಕೆತ್ತಿಹೋಗಿತ್ತು. ಮೂಲೆಯಲ್ಲಿ ಏಜಾಜನ ಹಳೆಯ ಕರ್ಪೂರದ ಪೊಟ್ಟಣ. ಉಣ್ಣೆಯ ಪಟ್ಟಿಗಳ ಮೇಲೆ ಬಾಡದ ಬೇವಿನೆಲೆ. ಸಂದಿನಲ್ಲಿ ನಾಲ್ಕು ಕೆಂಪು ಕಾಳು. ಅವನ್ನು ಅಂಗೈಗೆ ಹಾಕಿಕೊಂಡು ಎಲ್ಲರನ್ನೂ ಕರೆದ.

"ಏಜಾಜ್ ಹತ್ರ ತಿರುಪುಳಿ ಐತೆ. ಅವನು ಬಿಚ್ಚಿದ್ರೆ ತಿರುಪು ಕೆತ್ತಿಹೋಗಲ್ಲ. ಇದು ಈಳಿಗೆಯ ತುದಿಯಿಂದ ಬಿಚ್ಚಿದ್ದು. ಹುಳಕ್ಕೆ ಅವನು ಇಡೋದು ಕರ್ಪೂರ. ಬೇವು ಇಟ್ಟಿದ್ದು ಅದನ್ನ ಸೀರೆಪೆಟ್ಟಿಗೇಲಿ ಇಡೋ ಹೆಂಗಸಿನ ಕೈ."

ಆವಲಪ್ಪನ ಹೆಂಡತಿ ಚಿಕ್ಕಗಂಗಮ್ಮ ಸಿಡುಕಿದಳು. "ನಾನಾ? ಆ ಪೀಡೆ ತೊಲಗಲಿ ಅಂತ ಹರಕೆ ಹೊತ್ತೋಳು ನಾನು!"

"ಅದಕ್ಕೇ ನೀನಲ್ಲ ಕಣಮ್ಮ. ತೆಗೆದೋರಿಗೆ ಉಳಿದದ್ದು ಹಾಳಾಗಬಾರದು ಅನ್ನೋ ಕಕ್ಕುಲಾತಿ. ಸುತ್ತಿಗೇನೂ ಹುಳ ಹಿಡಿಯದ ಕಡೆಯೇ ಇಟ್ಟವ್ರೆ. ಬೇವು ಇಡೋಕೆ ಎರಡನೇ ಸಲ ಬಂದಾಗ ಕೈಗೆ ಅಂಟಿದ್ದ ರಾಗಿ ಇಲ್ಲಿ ಉದುರಿದೆ. ರಾಗಿಗೆ ಹುಳ ಬೀಳಲ್ಲ, ರಾಗಿ ತುಂಬಿರೋ ಮಣ್ಣಿನ ವಾಡೆ ನೋಡಿ."

ಶಾಮಲಮ್ಮ ಮುಂದೆ ಬಂದಳು. "ಏಜಾಜನ್ನ ಬಿಟ್ಬಿಡಣ್ಣ. ನಾನೇ. ಪಿಯಾನೋ ಮೂಕಿಯಾದ್ರೆ ಯಾರೂ ಒಯ್ಯಲ್ಲ ಅಂದ್ಕೊಂಡೆ."

"ಗೊತ್ತಿತ್ತೇನ್ಲಾ ನಿಂಗೆ?" ಎಂದು ಗೌಸ್ ಮಗನ ಕಟ್ಟು ಬಿಚ್ಚಿದ.

"ಬೇವು ನೋಡಿದಾಗಲೇ, ಅಬ್ಬಾ."

ರಾಗಿಯ ವಾಡೆಯಿಂದ ಬಟ್ಟೆಗಂಟು ಬಂತು. ಬಾವು ಬಂದಿದ್ದ ಕೈಯಿಂದಲೇ ಏಜಾಜ್ ಸುತ್ತಿಗೆಗಳನ್ನು ಜೋಡಿಸಿದ. ಆವಲಪ್ಪನ ಕಣ್ಣು ಬೀದಿಯ ಲಾರಿಯ ಮೇಲಿತ್ತು. ಏಜಾಜ್ ಪಿಯಾನೋದ ಬಿಳಿ-ಕಪ್ಪು ಮನೆಗಳನ್ನು ಒಂದೊಂದಾಗಿ ಒತ್ತಿದ. ನಟ್ಟನಡುವೆ ಒಂದು ಮಾತ್ರ ನುಡಿಯಲಿಲ್ಲ, ಅದರ ಸುತ್ತಿಗೆ ಗಂಟಿನಲ್ಲಿ ಇರಲಿಲ್ಲ. ಅವನ ಬೆರಳು ಅಲ್ಲೇ ನಿಂತಿತು. ಶಾಮಲಮ್ಮನ ಸೆರಗಿನೊಳಗೆ ಮುಷ್ಟಿ ಬಿಗಿದಿದ್ದನ್ನು ಗೌಸ್ ಕಂಡ, ಮುನಿಶಾಮಿಯೂ ಕಂಡ.

"ಎಲ್ಲಾ ಸರಿಯಾಯ್ತೇನೋ?" ಎಂದ ಆವಲಪ್ಪ.

ಏಜಾಜ್ ಮುಚ್ಚಳ ಇಳಿಸಿದ. "ಆಯ್ತು, ಧಣಿ."