ಗುಂಡು ಮುಟ್ಟಬಾರದ ಮೇಜು

ರಾಯ್ಸ್ ಮೊದಲ ಸಲ ಗುಂಡು ಹೊಡೆಯಲು ನಮ್ಮ ಬ್ಯಾಕ್ ಕ್ರೀಕ್ ರೇಂಜಿಗೆ ಬಂದಾಗ ಅವನ ಸೊಂಟದಲ್ಲಿ ಎಲ್ಲವೂ ಇತ್ತು, ಪಿಸ್ತೂಲೊಂದನ್ನು ಬಿಟ್ಟು. ಎರಡು ಪದರದ ಬೆಲ್ಟು, ಅದಕ್ಕೆ ಸಾಲಾಗಿ ಗುಂಡು ತುಂಬುವ ಮ್ಯಾಗಜಿನ್ನುಗಳ ನಾಲ್ಕು ಚೀಲ, ಬಲಗಡೆ ಪಿಸ್ತೂಲು ಸಿಕ್ಕಿಸಲು ಮೀನಿನ ಮುಳ್ಳಿನಂಥ ಒಂದು ಹೋಲ್‌ಸ್ಟರ್. ಮೈಮೇಲೆ ಹತ್ತು ಬಣ್ಣದ ಜೆರ್ಸಿ, ಬೆನ್ನ ಮೇಲೆ ದಪ್ಪಕ್ಷರದಲ್ಲಿ ಅವನದೇ ಹೆಸರು. ಮದುವೆಗೆ ಸಿಂಗಾರವಾಗಿ ಬಂದ ಗಂಡಿನ ಹಾಗಿದ್ದ, ಹೆಣ್ಣಿನ್ನೂ ಗೊತ್ತಾಗಿರಲಿಲ್ಲ.

ನಮ್ಮಲ್ಲಿ ಹೊಸಬರು ಆರು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಬೇಕು. ಅಲ್ಲಿಯವರೆಗೆ ಸ್ವಂತದ್ದು ಕೊಳ್ಳಲು ಪೊಲೀಸರ ಅನುಮತಿ ಕಾಗದ ಬರುವುದಿಲ್ಲ. ಇಷ್ಟು ಗೊತ್ತಿಲ್ಲದೆ ಮೊದಲು ಅಂಗಡಿಗೆ ಓಡಿ, ಆಮೇಲೆ ನಮ್ಮಲ್ಲಿಗೆ ಬರುವ ಗಂಡಸರನ್ನು ವರ್ಷಕ್ಕೆ ಆರೇಳು ಮಂದಿಯಂತೆ ನೋಡಿದವಳು ನಾನು, ಅವರಿಗೆ ಕಲಿಸುವವಳು. ಕ್ಲಬ್ಬಿನ ಹಳೆಯ ಪಿಸ್ತೂಲನ್ನು ಅವನ ಮೀನಿನ ಮುಳ್ಳಿಗೆ ಸಿಕ್ಕಿಸಿ ನೋಡಿದೆ. ಅರ್ಧಕ್ಕೇ ನಿಂತಿತು.

“ಇದು ಯಾವ ಪಿಸ್ತೂಲಿನ ಹೋಲ್‌ಸ್ಟರು?”

“ಎಲ್ಲದಕ್ಕೂ ಆಗುತ್ತೆ ಅಂದ ಅಂಗಡಿಯವನು, ಮೇಡಂ.”

“ಮೇಡಂ ಬ್ಯಾಂಕಲ್ಲಿರ್ತಾಳೆ. ನಾನು ನೋಲೀನ್. ಬಿಚ್ಚಿಡು ಅದನ್ನ.”

“ಎಲ್ಲಾನೂ?”

“ಪ್ಯಾಂಟು ಇರ್ಲಿ.”

ಕ್ಲಬ್ಬಿನ ಒಲೆಯಲ್ಲಿ ಸಾಸೇಜು ಬೇಯಿಸುತ್ತಿದ್ದ ನನ್ನ ಗೆಳತಿ ಥೆಲ್ಮಾ ಚಿಮಟ ಕೆಳಗೆ ಬೀಳಿಸಿ ನಕ್ಕಳು. ರಾಯ್ಸನ ಕಿವಿ ಕೆಂಪಾದವು. ಆದರೆ ಅವನು ಕಣ್ಣು ತಗ್ಗಿಸಲಿಲ್ಲ. ಬೆಲ್ಟು ಬಿಚ್ಚುತ್ತಲೇ ನನ್ನ ಮುಖ ನೋಡುತ್ತಿದ್ದ, ಅಲ್ಲಿ ಏನೋ ಓದಿಕೊಳ್ಳುವವನ ಹಾಗೆ. ಓದಲಿ ಬಿಡು ಅಂದುಕೊಂಡೆ. ನಲವತ್ತೊಂಬತ್ತು ವರ್ಷದ ಬಿಸಿಲು ಬಡಿದ ಮುಖ. ಹನ್ನೆರಡನೇ ವಯಸ್ಸಿಗೆ ಸ್ಕೂಲು ಬಿಟ್ಟು ಕುರಿ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡಲು ಹೋದವಳ ಮುಖ. ಅದರಲ್ಲಿ ಓದಲು ಅಂಥದ್ದೇನಿದೆ?

ಅವನು ಟುವೂಂಬಾ ಪಟ್ಟಣದಲ್ಲಿ ಪಿಯಾನೊಗಳಿಗೆ ಶ್ರುತಿ ಹಿಡಿಯುವವನು ಎಂದು ಮುಂದಿನ ವಾರ ತಿಳಿಯಿತು. ಅದಕ್ಕೂ ನಕ್ಕೆ.

ಹೊಸಬರ ಬಗ್ಗೆ ನನಗೆ ಕನಿಕರವಿಲ್ಲ. ಸಿನಿಮಾ ನೋಡಿ ಬರುತ್ತಾರೆ. ಮೊದಲ ದಿನವೇ ಓಡುತ್ತ ಹೊಡೆಯಬೇಕು ಅನ್ನುತ್ತಾರೆ. ನಿಂತು ಹೊಡೆದದ್ದೇ ಟಾರ್ಗೆಟ್ಟಿನ ಹೊರಗೆ, ಓಡಿ ಹೊಡೆದರೆ ಯಾರ ಹೊಲಕ್ಕೆ ಹೋಗುತ್ತದೋ. ಹೆಂಡತಿಯನ್ನು ಕರೆತಂದು ನೆರಳಲ್ಲಿ ಕೂರಿಸಿ, ಪ್ರತಿ ಗುಂಡಿಗೂ ತಿರುಗಿ ಅವಳನ್ನು ನೋಡುವವರಿದ್ದಾರೆ. ಪಿಸ್ತೂಲೂ ಅವರ ಜೊತೆಗೇ ತಿರುಗುತ್ತದೆ. ಅಂಥವನನ್ನು ಮಾತಾಡಿಸುವ ಮೊದಲೇ ಮನೆಗೆ ಕಳಿಸುತ್ತೇನೆ.

ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದುದನ್ನೇ ರಾಯ್ಸನಿಗೂ ಹೇಳಿದೆ.

“ಪಿಸ್ತೂಲಿನ ಬಾಯಿ ಯಾವಾಗ್ಲೂ ಟಾರ್ಗೆಟ್ಟಿನ ಹಿಂದಿನ ಮಣ್ಣುದಿಬ್ಬದ ಕಡೆ. ಹೊಡೆಯೋ ಗಳಿಗೆ ಬಿಟ್ರೆ ಬೆರಳು ಟ್ರಿಗರ್ ಮೇಲೆ ಇರಬಾರದು. ನಿಧಾನಕ್ಕೆ ಹೊಡಿ, ವೇಗ ತಾನೇ ಬರುತ್ತೆ. ಬರದಿದ್ರೂ ಯಾರೂ ಅಳಲ್ಲ. ಮೊದಲ ವರ್ಷ ಕೊನೇ ಸ್ಥಾನ ನಿಂದೇ, ಯಾರೂ ಕಿತ್ಕೊಳ್ಳಲ್ಲ.”

“ಮನೇಲಿ ಅಭ್ಯಾಸ?”

“ಆರು ತಿಂಗಳಾದ್ಮೇಲೆ. ಖಾಲಿ ಪಿಸ್ತೂಲು, ಗೋಡೆ ಮುಂದೆ, ದಿನಾ ಹತ್ತು ನಿಮಿಷ. ಗುಂಡು ಇನ್ನೊಂದು ರೂಮಲ್ಲಿರ್ಬೇಕು.”

“ಮತ್ತೆ?”

“ತೇಪೆ ಹಚ್ಚು.”

ಪ್ರತಿಯೊಬ್ಬರು ಹೊಡೆದ ಮೇಲೂ ಟಾರ್ಗೆಟ್ಟಿನ ತೂತುಗಳಿಗೆ ಕಂದು ಬಣ್ಣದ ಚಿಕ್ಕ ಅಂಟುಚೀಟಿ ಹಚ್ಚಿ ಮುಚ್ಚಬೇಕು, ಮುಂದಿನವರಿಗಾಗಿ. ಈಗಷ್ಟೇ ಹೊಡೆದವರು, ಮುಂದೆ ಹೊಡೆಯುವವರು ಬಿಟ್ಟು ಉಳಿದವರೆಲ್ಲ ಹಚ್ಚಬೇಕು. ಹೊಸಬನ ಹುಟ್ಟುಗುಣ ಗೊತ್ತಾಗುವುದು ಅಲ್ಲೇ. ಮುಕ್ಕಾಲು ಮಂದಿ ಆ ಹೊತ್ತಿಗೆ ಸರಿಯಾಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಾರೆ.

ರಾಯ್ಸ್ ಹಚ್ಚಿದ. ಉಗುರಿನಿಂದ ನಾಲ್ಕೂ ಮೂಲೆ ಒತ್ತಿ, ನೇರವಾಗಿ ಹಚ್ಚಿದ. ಅದೂ ನನಗೆ ಸೇರಲಿಲ್ಲ. ಮೆಚ್ಚಿಸಲು ಮಾಡುತ್ತಿದ್ದಾನೆ ಅನ್ನಿಸಿತು.

ಕೊನೆಗೆ ಅವನನ್ನು ಕೆಂಪು ಪಟ್ಟಿಯ ಮೇಜಿನ ಹತ್ತಿರ ಕರೆದೊಯ್ದೆ. ರೇಂಜಿನಲ್ಲಿ ತನ್ನ ಸರದಿ ಬರುವ ಮೊದಲು ಪಿಸ್ತೂಲನ್ನು ಹೊರಗೆ ತೆಗೆಯಬಹುದಾದ ಜಾಗ ಅದೊಂದೇ. ಖಾಲಿ ಪಿಸ್ತೂಲನ್ನು ಒರೆಸಬಹುದು, ಬಿಚ್ಚಬಹುದು, ಜೋಡಿಸಬಹುದು.

“ಆದ್ರೆ ಇಲ್ಲಿ ಗುಂಡು ಮುಟ್ಟೋ ಹಾಗಿಲ್ಲ. ಗುಂಡಿರೋ ಮ್ಯಾಗಜಿನ್ನೂ ಅಷ್ಟೇ. ಚೀಲದಲ್ಲಿದ್ರೆ ಇರ್ಲಿ, ಕೈಗೆ ಬಂತೋ ಅವತ್ತಿನ ಸ್ಪರ್ಧೆ ಮುಗೀತು. ನಾನಾಗ್ಲಿ, ಪೊಲೀಸಿನವನಾಗ್ಲಿ.”

“ಯಾರೂ ನೋಡದೇ ಇದ್ರೆ?”

“ನೀನೇ ಹೋಗಿ ಹೇಳು. ಹೇಳೋಕಾಗದವನು ಬೌಲ್ಸ್ ಆಡ್ಲಿ, ಅಲ್ಲಿ ಉರುಳೋದು ಚೆಂಡು ಮಾತ್ರ.”

ಇದನ್ನು ಹೇಳುವಾಗ ನನ್ನ ದನಿಯಲ್ಲಿ ಎಷ್ಟು ಗತ್ತಿತ್ತು ಎಂದು ಈಗಲೂ ನೆನಪಿದೆ. ನೆನಪು ನನಗೆ ಯಾವತ್ತೂ ಕೈಕೊಟ್ಟಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು.

ಎರಡು ವರ್ಷ ಅವನು ಭಾನುವಾರ ತಪ್ಪಿಸಲಿಲ್ಲ. ಮೊದಲ ವರ್ಷ, ನಾನು ಹೇಳಿದಂತೆಯೇ, ಕೊನೆಯ ಸ್ಥಾನವನ್ನು ನಿಷ್ಠೆಯಿಂದ ಕಾಪಾಡಿಕೊಂಡ. ಟೈಮರ್ ಹಿಡಿದು ಅವನ ಹಿಂದೆ ನಿಂತು “ತಯಾರಾ?” ಎಂದು ಕೇಳಿದರೆ, ತಲೆಯಾಡಿಸುವ ಮೊದಲು ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡುತ್ತಿದ್ದ. ಪಿಸ್ತೂಲು ಹೋಲ್‌ಸ್ಟರಿನಲ್ಲೇ ಇರುತ್ತಿತ್ತು, ಬೈಯಲು ನಿಯಮ ಸಿಗುತ್ತಿರಲಿಲ್ಲ.

“ಟಾರ್ಗೆಟ್ಟು ಆ ಕಡೆ ಇದೆ ರಾಯ್ಸ್.”

“ಗೊತ್ತು. ಅಲ್ಲಿ ನೋಡೋಕೆ ಅಂಥದ್ದೇನೂ ಇಲ್ಲ.”

“ಹಂಗಾದ್ರೆ ಗುಂಡೂ ಅದಕ್ಕೇ ಅಲ್ಲಿಗೆ ಹೋಗಲ್ವಾ?”

ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಂದು ಸಲ ಚಹಾ ಕುಡಿಯುತ್ತ, ಕಿವಿಗೆ ಮುಚ್ಚಳವಿದ್ದರೂ ಕಣ್ಣು ಮುಚ್ಚಿಕೊಂಡೇ ನನ್ನ ಹೊಡೆತ ಗುರುತಿಸಬಲ್ಲೆ ಅಂದ.

“ನಿಂದು ಎರಡೆರಡೇ ಬರುತ್ತೆ. ಎರಡನೇದು ಕೂದಲೆಳೆಯಷ್ಟು ಬೇಗ. ಮೊದಲನೇದರ ಮೇಲೆ ನಂಬಿಕೆ ಇಲ್ಲದ ಹಾಗೆ.”

“ಪಿಯಾನೊ ಅಂದ್ಕೊಂಡ್ಯಾ ನನ್ನ?”

“ಇಲ್ಲಪ್ಪ. ಪಿಯಾನೊ ಮುಟ್ಟಿದ್ರೆ ಬೈಯಲ್ಲ.”

ಮನೆಗೆ ಹೋಗಿ ಖಾಲಿ ಪಿಸ್ತೂಲು ಹಿಡಿದು ನನ್ನ ತಾಳ ಕೇಳಿಸಿಕೊಂಡೆ. ಅವನು ಹೇಳಿದ್ದು ನಿಜವಾಗಿತ್ತು. ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಒಳಗೆ ಬೇರೇನೋ ಇತ್ತು. ಅದನ್ನು ಬಿಡಿಸಿ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಗಂಡ ಬಿಟ್ಟುಹೋಗಿ ಹದಿನಾಲ್ಕು ವರ್ಷವಾಗಿತ್ತು. ಅಂಥದ್ದೆಲ್ಲ ಥೆಲ್ಮಾ ಓದುವ ಪುಸ್ತಕದ ಹೆಂಗಸರಿಗೆ ಎಂದು ತಳ್ಳಿಹಾಕಿದ್ದೆ.

ನನಗೆ ಬೇಕಾಗಿದ್ದದ್ದು ಒಂದೇ. ಕ್ವೀನ್ಸ್‌ಲ್ಯಾಂಡಿನ ಹೆಂಗಸರ ತಂಡದಲ್ಲಿ ಒಂದು ಜಾಗ. ನಾಲ್ಕು ಮಂದಿಯ ತಂಡ. ಮೂರು ಸಲ ನಾನು ಐದನೆಯವಳಾಗಿದ್ದೆ. ಐದನೆಯವಳಿಗೆ ಅಂಗಿ ಕೊಡುತ್ತಾರೆ, ಪ್ರಯಾಣಕ್ಕೆ ಕರೆಯುವುದಿಲ್ಲ. ಬಲ ಮಣಿಕಟ್ಟು ಸವೆಯುತ್ತಿತ್ತು. ಇನ್ನೊಂದು ವರ್ಷಕ್ಕಿಂತ ಹೆಚ್ಚು ಈ ಕೈ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ತಂಡ ಆರಿಸುವುದು ರಾಜ್ಯ ಸ್ಪರ್ಧೆಯಲ್ಲಿ, ಆ ವರ್ಷದ್ದೇ ನನಗೆ ಕೊನೆಯದು. ಅದು ರಾಯ್ಸನಿಗೂ ಗೊತ್ತಿತ್ತು.

ಸ್ಪರ್ಧೆ ನಡೆಯುವ ಬ್ರಿಸ್ಬೇನಿಗೆ ಅವನ ಗಾಡಿಯಲ್ಲೇ ಹೋದೆವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಮೂರನೆಯ ಸ್ಥಾನದಲ್ಲಿದ್ದೆ. ಎರಡೇ ಸುತ್ತು ಬಾಕಿ. ನಾನು ನಿದ್ದೆಗಣ್ಣಲ್ಲಿ ಹೊಡೆಯಬಲ್ಲಂಥ ಸುತ್ತುಗಳು. ನನ್ನ ಹಿಂದಿದ್ದ ಹುಡುಗಿಯರು, ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದವರು, ಆಗಲೇ ಮುಖ ಬಾಡಿಸಿಕೊಂಡಿದ್ದರು. ಅದನ್ನು ನೋಡಿ ನನಗೆ ತುಂಬಾ ಖುಷಿಯಾಗಿತ್ತು.

ಪಿಸ್ತೂಲಿನ ಹಿಡಿಯ ತಿರುಪು ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ಅಲ್ಲಿನ ಕೆಂಪು ಪಟ್ಟಿಯ ಮೇಜಿಗೆ ಹೋದೆ. ಅಲ್ಲಿ ರಾಯ್ಸ್ ಒಬ್ಬನೇ ಇದ್ದ. ಪಿಸ್ತೂಲನ್ನು ಬಿಚ್ಚಿ ಹರಡಿಕೊಂಡು ಒರೆಸುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕತ್ತಿನ ಹಿಂದೆ ಕೂದಲು ಬೆವರಿಗೆ ಅಂಟಿ ಸುರುಳಿಯಾಗಿತ್ತು. ಚಿಕ್ಕ ಸ್ಪ್ರಿಂಗನ್ನು ಎರಡು ಬೆರಳಲ್ಲಿ ಹಿಡಿದಿದ್ದ ರೀತಿ ಹೇಗಿತ್ತೆಂದರೆ, ಆ ಬೆರಳು ನನ್ನ ಮಣಿಕಟ್ಟನ್ನು ಹಿಡಿದರೆ ಹೇಗಿರಬಹುದು ಎಂಬ ಯೋಚನೆ, ಕೇಳದೆ ಕರೆಯದೆ, ತಲೆಗೆ ಬಂತು.

ಅವನು ತಲೆಯೆತ್ತಿ ನಕ್ಕ. “ಗೆದ್ದೆ ಬಿಡು. ನಿನ್ನ ತಾಳ ಕೇಳಿದೆ. ಇವತ್ತು ಮೊದಲನೇದರ ಮೇಲೂ ನಂಬಿಕೆ ಇದೆ.”

“ಬಾಯಿ ಮುಚ್ಕೊಂಡು ಒರೆಸು,” ಅಂದೆ. ನಾನೂ ನಗುತ್ತಿದ್ದೆ.

ಮಾತಾಡುತ್ತ ಕೆಲವರು ಮೂಗು ಕೆರೆದುಕೊಳ್ಳುತ್ತಾರೆ. ನನಗೊಂದು ಚಾಳಿ: ಸೊಂಟದ ಚೀಲದಿಂದ ಮ್ಯಾಗಜಿನ್ ಹೊರತೆಗೆದು, ಮೇಲಿನ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು.

ಅವನ ನಗು ನಿಂತಿತು. ದೀಪ ಆರಿಸಿದ ಹಾಗೆ.

“ನೋಲೀನ್. ಕೈ ನೋಡ್ಕೋ.”

ನೋಡಿದೆ. ಗುಂಡು ತುಂಬಿದ ಮ್ಯಾಗಜಿನ್ ಕೈಯಲ್ಲಿತ್ತು. ತಟ್ಟನೆ ಚೀಲಕ್ಕೆ ತುರುಕಿದೆ. ಸುತ್ತ ಕಣ್ಣಾಡಿಸಿದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಹೀಯಾಳಿಸಿ ಕಳಿಸಿದ ಪ್ರತಿಯೊಬ್ಬ ಗಂಡಸೂ ಹೇಗೆ ಕಣ್ಣಾಡಿಸಿದ್ದನೋ, ಹಾಗೆಯೇ.

“ಯಾರೂ ನೋಡಿಲ್ಲ,” ಅಂದೆ.

“ನಾನು ನೋಡಿದೆ.”

“ನೀನು ನೋಡಿದ್ರೇನು? ನೀನು...”

“ನಾನು?”

ನೀನು ನನ್ನವನಲ್ಲವಾ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಒಬ್ಬ ಗಂಡಸನ್ನು ಪ್ರೀತಿಸುತ್ತೇನೆಂದು ನನಗೆ ತಿಳಿದದ್ದು, ಅವನ ಬಾಯಿಂದ ಒಂದು ಸುಳ್ಳು ಹೇಳಿಸಲು ಹೊರಟಾಗ. ಅಷ್ಟು ಅಗ್ಗದವಳು ನಾನು.

“ಎರಡೇ ಸುತ್ತು ರಾಯ್ಸ್. ಇನ್ನೊಂದು ವರ್ಷ ನನಗಿಲ್ಲ, ಗೊತ್ತಲ್ಲ ನಿಂಗೆ.”

“ಗೊತ್ತು.” ಅವನು ಸ್ಪ್ರಿಂಗನ್ನು ಮೇಜಿನ ಮೇಲಿಟ್ಟ. “ನೀನೇ ಹೇಳ್ತೀಯಾ, ನಾನು ಹೇಳ್ಲಾ?”

“ನೀನು ಹೇಳಿದ್ರೆ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ.”

“ಅದೂ ಗೊತ್ತು. ಎರಡು ವರ್ಷದಿಂದ ಆ ಮುಖ ನೋಡೋಕೇ ಬರ್ತಿರೋದು ನಾನು. ಪಿಸ್ತೂಲಿಗಲ್ಲ.” ಕನ್ನಡಕ ತೆಗೆದು ಜೆರ್ಸಿಯ ತುದಿಯಿಂದ ಒರೆಸಿದ. “ಆದ್ರೂ ಹೇಳ್ತೀನಿ.”

ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಅದೇ ಕೆನ್ನೆಯನ್ನು ಅಂಗೈಯಲ್ಲಿ ಹಿಡಿಯಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ನಡೆದೆ.

ಸ್ಪರ್ಧೆಯ ಮುಖ್ಯಸ್ಥ ಗ್ರೆವಿಲ್ ಗುಡಾರದಲ್ಲಿ ಕೂತು ಪೈ ತಿನ್ನುತ್ತಿದ್ದ. ನಡೆದದ್ದನ್ನು ಹೇಳಿದೆ. ಅವನು ಪೈ ಕೆಳಗಿಟ್ಟ.

“ನೀನಾ? ಯಾರು ನೋಡಿದ್ರು?”

ನಾನು ಉತ್ತರ ಕೊಡುವ ಮೊದಲೇ ಅವನು ಎದ್ದುನಿಂತು ನನ್ನ ಭುಜ ತಟ್ಟಿದ. “ತಾನಾಗೇ ಬಂದು ಹೇಳೋರು ಈಗ ಯಾರಿದಾರೆ ನೋಲೀನ್? ನಿನ್ನಂಥೋರು ಹತ್ತು ಜನ ಇದ್ರೆ ಸಾಕಿತ್ತು.”

ಆ ಹೊಗಳಿಕೆ ಎರಡು ಕ್ಷಣ ನನ್ನ ಮೇಲೆ ಬೆಚ್ಚಗೆ ಕೂತಿತ್ತು. ಬಿಟ್ಟುಬಿಡಬಹುದಾಗಿತ್ತು. ತಂಡ ಹೋದರೂ ಹೆಸರು ಉಳಿಯುತ್ತಿತ್ತು.

“ತಾನಾಗೇ ಬಂದಿಲ್ಲ,” ಅಂದೆ. “ಮುಚ್ಚಿಡೋಕೆ ನೋಡಿದೆ. ರಾಯ್ಸ್ ಬಿಡಲಿಲ್ಲ. ಹಾಗೇ ಬರಿ.”

ಗ್ರೆವಿಲ್ ಕೈ ತೆಗೆದ. ಬರೆದುಕೊಂಡ.

ಮಧ್ಯಾಹ್ನವೆಲ್ಲ ಬೇರೆಯವರ ತೂತುಗಳಿಗೆ ತೇಪೆ ಹಚ್ಚಿದೆ. ಉಗುರಿನ ಬಣ್ಣದ ಹುಡುಗಿಯೊಬ್ಬಳು ನನ್ನ ಜಾಗಕ್ಕೆ ಹೋದಳು. ಚೆನ್ನಾಗಿಯೇ ಹೊಡೆದಳು, ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚೆನ್ನಾಗಿ. ಅವಳ ತೂತುಗಳನ್ನು ಮುಚ್ಚುವಾಗ ಅದನ್ನು ಒಪ್ಪಿಕೊಳ್ಳಬೇಕಾಯಿತು. ರಾಯ್ಸ್ ಸಾಲಿನ ಆ ತುದಿಯಲ್ಲಿದ್ದ. ಹತ್ತಿರ ಬರಲಿಲ್ಲ.

ಅವನ ಗಾಡಿಯಲ್ಲೇ ಮರಳಿದೆವು. ಗ್ಯಾಟನ್ ಊರು ದಾಟಿದ ಮೇಲೆ ಕೋಸಿನ ಹೊಲಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು.

“ಬಸ್ಸಿಗೆ ಹೋಗ್ಬೇಕು ಅನ್ಸಿದ್ರೆ ಟುವೂಂಬಾದಲ್ಲಿ ಇಳಿಸ್ತೀನಿ,” ಅಂದ. “ಭಾನುವಾರಕ್ಕೆ ಬೇರೆ ಕ್ಲಬ್ಬು ನೋಡ್ಕೋತೀನಿ. ನಿನ್ನ ಕಣ್ಣಿಗೆ ಬೀಳಲ್ಲ.”

“ಯಾಕೆ ನನ್ನ ಕೈ ಮ್ಯಾಗಜಿನ್ನಿಗೆ ಹೋಯ್ತು ಅಂತ ಕೇಳಲ್ವಾ?”

“ಯಾಕೆ?”

“ನಿನ್ನ ನೋಡ್ತಿದ್ದೆ.”

ಗಾಡಿ ಒಂದಿಷ್ಟು ಅಡ್ಡ ಹೋಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ರಾಯ್ಸ್ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು.

“ಹಂಗಾದ್ರೆ ತಪ್ಪು ನಂದು,” ಅಂದ.

“ಪೂರ್ತಿ ನಿಂದೇ. ಕನ್ನಡಕ ಜಾರಿಸ್ಕೊಂಡು ಕೂರೋ ಅಂತ ಯಾರಂದಿದ್ರು?”

“ತಂಡ ಹೋಯ್ತಲ್ಲ ನೋಲೀನ್.”

“ಹೋಯ್ತು.” ಅವನ ಮುಂದೆ ಅಳುವುದು ನನಗೆ ಬೇಕಿರಲಿಲ್ಲ. ಅತ್ತೆ. ಅವನು ನನ್ನ ಬಲ ಮಣಿಕಟ್ಟನ್ನು ಹಿಡಿದುಕೊಂಡ, ಎರಡು ಬೆರಳಲ್ಲಿ, ಎಲ್ಲಿ ನೋವಿದೆಯೋ ಸರಿಯಾಗಿ ಅಲ್ಲಿ.

ಇನ್ನೊಂದು ಲಾರಿ ಗಾಡಿಯನ್ನು ಅಲ್ಲಾಡಿಸಿ ಹೋಯಿತು.

“ಟುವೂಂಬಾದಲ್ಲಿ ನಿಲ್ಲಿಸ್ಬೇಡ,” ಅಂದೆ. “ನಮ್ಮನೆಗೆ ಬಾ. ಬಂದು ಇದ್ದುಬಿಡು.”

“ಇದು ಹೇಳೋದಾ, ಕೇಳೋದಾ?”

ಇಪ್ಪತ್ತೊಂದು ವರ್ಷ ಗಂಡಸರಿಗೆ ಹೀಗೆ ನಿಲ್ಲು, ಹಾಗೆ ಹಿಡಿ, ಮನೆಗೆ ಹೋಗು ಎಂದು ಹೇಳಿದವಳು ನಾನು. ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳಲು ಧೈರ್ಯವಿಲ್ಲದ್ದಕ್ಕೇ ಅಷ್ಟೊಂದು ಹೇಳುತ್ತಿದ್ದೆನೋ ಏನೋ.

“ಕೇಳ್ತಿದೀನಿ,” ಅಂದೆ.