ನಾಲ್ಕು ಬೆರಳು ಮೋಟು

"ಆ ಬೇಲಿಗೆ ಕತ್ತರಿ ಹಾಕಬೇಡಿ ಟೇಲರಣ್ಣ. ತಾನಾಗಿ ಉದುರಿದ್ರೆ ಉದುರಲಿ, ನೀವಾಗಿ ಒಂದು ಕಡ್ಡೀನೂ ಮುರೀಬೇಡಿ."

ಟೇಲರ್ ಹೊಸ ಬಾಡಿಗೆ ಮನೆಗೆ ಸಾಮಾನು ಇಳಿಸುತ್ತಿದ್ದ ದಿನವೇ ಪಕ್ಕದ ಮನೆಯ ವಯಸ್ಸಾದ ಹೆಂಗಸು ಬಂದು ಹೀಗೆಂದಳು. ಎರಡು ಮನೆಗಳ ನಡುವಿನ ಗಿಡದ ಬೇಲಿ ಕರೆಂಟು ತಂತಿ ಮುಟ್ಟುವಷ್ಟು ಬೆಳೆದಿತ್ತು. ಅದರ ನೆರಳಿನಿಂದ ಹೊಲಿಗೆ ಕೋಣೆಯಲ್ಲಿ ಹಗಲು ಹೊತ್ತಿನಲ್ಲೂ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ.

"ಯಾಕಮ್ಮಾ, ಕಚ್ಚುತ್ತಾ?"

ಆಕೆ ನಗಲಿಲ್ಲ. "ನಮ್ಮತ್ತೆ ಮಾಟ ಮಾಡಿಸಿ ನೆಡಿಸಿದ್ದು. ಆಗ ಈ ಮನೆಯೋರ ಜೊತೆ ಗಡಿ ಜಗಳ. ಎಷ್ಟು ಕತ್ತರಿಸ್ತಾರೋ ಅಷ್ಟು ಅವರ ಮಗು ಕುಗ್ಗಲಿ ಅಂತ. ಮಾಟಕ್ಕೆ ಈಚೆ ಆಚೆ ಗೊತ್ತಾಗ್ಲಿಲ್ಲ. ಯಾರು ಕತ್ತರಿಸಿದ್ರೂ ಎರಡು ಮನೆ ಮಕ್ಕಳಿಗೂ ತಗಲುತ್ತೆ. ಹಿಂದೆ ಇಲ್ಲಿದ್ದೋರು ಎಷ್ಟೋ ಸಲ ಕತ್ತರಿಸಿದ್ರು."

ಟೇಲರ್ ಟೇಪಿನಲ್ಲಿ ಅಳೆಯಲಾಗದ್ದನ್ನು ನಂಬುವವನಲ್ಲ. ಮರುದಿನವೇ ವಿದ್ಯುತ್ ಕಚೇರಿಗೆ ಹೋಗಿ, ಬೇಲಿ ತಂತಿಗೆ ತಗಲುತ್ತಿದೆ, ಕಡಿಸಿಕೊಡಿ ಎಂದು ಅರ್ಜಿ ಬರೆದುಕೊಟ್ಟ. ಅವರು ಬರುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಭಾನುವಾರ ಏಣಿ ಹತ್ತಿ, ಕಿಟಕಿಯಷ್ಟಗಲ, ತುದಿಯಿಂದ ನಾಲ್ಕು ಬೆರಳು ಕತ್ತರಿಸಿದ. ಬಿಳಿಯ ಹಾಲು ಸುರಿಯಿತು. ಕೂದಲು ಸುಟ್ಟಂಥ ವಾಸನೆ ಬಂತು. ಕೈ ಎಷ್ಟು ತೊಳೆದರೂ ಹೋಗಲಿಲ್ಲ.

ಸೋಮವಾರ ಆಕೆ ಒಂದು ಪುಟ್ಟ ಅಂಗಿ ತಂದಳು. ಕಣ್ಣು ಊದಿದ್ದವು.

"ನನ್ನ ಮಗನದು. ನಾಲ್ಕು ಬೆರಳು ಮೋಟು ಮಾಡಿಕೊಡಿ."

"ಎಲ್ಲರ ಮಕ್ಕಳೂ ಬೆಳೀತಾರೆ, ನಿಮ್ಮೋನು ಇಳೀತಾನಾ?"

ಆಕೆ ಅಂಗಿಯನ್ನು ಮೇಜಿನ ಮೇಲಿಟ್ಟು ಹೋದಳು. ವರ್ಷ ತುಂಬದ ಕೂಸಿಗಾಗುವಷ್ಟು ಅಂಗಿ. ಕೊರಳಪಟ್ಟಿಗೆ ಗಡ್ಡದ ಸೋಪಿನ ವಾಸನೆ. ಒಳಗೆ ಒಂದು ನರೆತ ಕೂದಲು ಅಂಟಿತ್ತು. ಟೇಲರನ ನಗು ಅಲ್ಲಿಗೇ ನಿಂತಿತು.

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪೆಡಲ್ ತುಳಿಯುವುದು, ಎದ್ದು ಕಿಟಕಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಗಾಳಿಯಿಲ್ಲದೆಯೂ ಬೇಲಿ ಸರಸರ ಎನ್ನುತ್ತಿತ್ತು. ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಹೆಂಡತಿ ಸತ್ತ ಮೇಲೆ ಈ ಏಳು ವರ್ಷದ ಪುಟ್ಟಿಯೇ ಅವನ ಜೀವ. ಹೋದ ತಿಂಗಳು ಅವಳ ಮೊಣಕಾಲಿಗೆ ಸರಿಯಾಗಿ ತಾನೇ ಹೊಲಿದಿದ್ದ ಲಂಗ ಈಗ ಮೊಣಕಾಲು ದಾಟಿ ಇಳಿದಿತ್ತು.

"ಮಡಿಕೆ ಯಾರೇ ಬಿಚ್ಚಿದ್ದು?"

"ಯಾರೂ ಇಲ್ಲಪ್ಪ. ಲಂಗಾನೇ ಉದ್ದ ಆಗಿದೆ."

ಹೊಲಿಗೆ ಅವನದೇ. ಒಂದೆಳೆಯೂ ಬಿಚ್ಚಿರಲಿಲ್ಲ. ಅಳತೆ ಪುಸ್ತಕ ತೆಗೆದ. ಎತ್ತರ ನಲವತ್ತೈದು ಇಂಚು ಎಂದು ಅವನ ಅಕ್ಷರದಲ್ಲೇ ಇತ್ತು. ಟೇಪು ಹಿಡಿದ. ನಲವತ್ತೆರಡು. ಇನ್ನೊಮ್ಮೆ ಹಿಡಿದ. ನಲವತ್ತೆರಡೇ. ತನ್ನ ನಾಲ್ಕು ಬೆರಳನ್ನು ಟೇಪಿನ ಮೇಲಿಟ್ಟು ನೋಡಿದ. ಸರಿಯಾಗಿ ಮೂರಿಂಚು.

ಹೊರಗೆ ಗರಗಸದ ಯಂತ್ರ ಗರ್ರೆಂದಿತು.

ಅರ್ಜಿ! ಓಡಿದ. ಏಣಿಯ ಮೇಲೆ ವಿದ್ಯುತ್ ಕಚೇರಿಯ ಆಳು. ಕಿವಿಗೆ ಮುಚ್ಚಳ. ಟೇಲರ್ ಕೂಗಿದ. ಕೇಳಿಸಲಿಲ್ಲ. ಕೊಂಬೆಗಳು ಬೀಳುತ್ತಿದ್ದವು. ಹಾಲು ಮುಖಕ್ಕೆ ಸಿಡಿಯಿತು. ಅದೇ ವಾಸನೆ. ಆಚೆ ಮನೆಯೊಳಗೆ ಆಕೆ ಚೀರಿದಳು. ಒಂದೇ ಸಲ. ಟೇಲರ್ ಏಣಿ ಹಿಡಿದು ಅಲುಗಾಡಿಸಿದ. ಯಂತ್ರ ನಿಂತಿತು.

"ತಲೆ ಕೆಟ್ಟಿದೆಯೇನ್ರಿ? ನೀವೇ ಬರೆದುಕೊಟ್ಟ ಅರ್ಜಿ ಅಲ್ವಾ ಇದು?"

ಎರಡು ಮೊಳ ಬೇಲಿ ನೆಲಕ್ಕೆ ಬಿದ್ದಿತ್ತು.

"ಅಪ್ಪಾ" ಎಂದು ಮನೆಯೊಳಗಿಂದ ಕರೆ ಬಂತು. ದನಿ ಪುಟ್ಟಿಯದೇ. ಬಂದದ್ದು ಮಾತ್ರ ನೆಲದ ಹತ್ತಿರದಿಂದ. ಲಂಗ ಹೊಸ್ತಿಲ ಬಳಿ ಗುಪ್ಪೆಯಾಗಿ ಬಿದ್ದಿತ್ತು. ಅದರ ಮಡಿಕೆಯೊಳಗೆ ಏನೋ ಮಿಸುಕಾಡುತ್ತಿತ್ತು.

ಸಂಜೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಳು. ಬರಿಗೈಯಲ್ಲಿ ಬಂದಿದ್ದಳು. ಟೇಲರ್ ತಲೆಯೆತ್ತದೆ, ಮೋಟು ಮಾಡಿಟ್ಟಿದ್ದ ಅಂಗಿಯನ್ನು ಅವಳತ್ತ ಸರಿಸಿದ.

"ಇಟ್ಕೊಳ್ಳಿ ಅಣ್ಣಾ. ನಮ್ಮನೇಲಿ ಇನ್ನು ಹಾಕ್ಕೊಳ್ಳೋರಿಲ್ಲ."

ಮೇಜಿನ ಮೇಲಿನ ದಾರದ ಡಬ್ಬಿಯೊಳಗೆ ಪುಟ್ಟಿ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾಗದಂತೆ ಟೇಲರ್ ಪೆಡಲನ್ನು ಮೆಲ್ಲಗೆ ತುಳಿದ. ಒಂದು ಕರವಸ್ತ್ರದಲ್ಲೇ ಫ್ರಾಕು ಆಯಿತು. ಬಟ್ಟೆ ಇನ್ನೂ ಉಳಿಯಿತು.